ಅಸ್ಸಾಂ ರೈಲಿನ ಕೆಳಬರ್ತ್

ನಾನು ಸ್ಲೀಪರ್ ಬೋಗಿಯ ಒಂದು ಕೆಳಬರ್ತ್. ಕಾರ್ಖಾನೆಯಲ್ಲಿ ಕಬ್ಬಿಣದ ಚೌಕಟ್ಟಿಗೆ ಹಲಗೆ ಜೋಡಿಸಿ, ಸ್ಪಂಜು ಹಾಸಿ, ನೀಲಿ ರೆಕ್ಸಿನ್ ಹೊದಿಸಿ ನನ್ನನ್ನು ಮಾಡಿದರು. ಆಮೇಲೆ ಹದಿನೆಂಟು ವರ್ಷ ಅಸ್ಸಾಮಿಗೂ ಬೆಂಗಳೂರಿಗೂ ಓಡಾಡಿದೆ. ಒಂದು ಸಲಕ್ಕೆ ಮೂರು ದಿನದ ದಾರಿ. ಬ್ರಹ್ಮಪುತ್ರದ ಸೀಮೆಯಲ್ಲಿ ಹತ್ತಿದವರು ಗೋದಾವರಿ ದಾಟುವ ಹೊತ್ತಿಗೆ ನನ್ನನ್ನೇ ಮನೆ ಮಾಡಿಕೊಂಡಿರುತ್ತಿದ್ದರು. ಇಳಿಯುವಾಗ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ.

ಅವರಲ್ಲಿ ಇಬ್ಬರನ್ನು ನಾನು ಮರೆತಿಲ್ಲ.

ಫಕೀರಪ್ಪ ಅಸ್ಸಾಮಿಗೆ ಸುರಂಗ ಕೊರೆಯುವ ಕೆಲಸಕ್ಕೆ ಹೋದವನು. ಅಲ್ಲಿ ಎದೆ ಕೆಟ್ಟು ಹಾಸಿಗೆ ಹಿಡಿದ. ಹೆಂಡತಿ ದ್ಯಾಮವ್ವ ರೋಣದಿಂದ ಒಬ್ಬಳೇ ಹೋಗಿ ಅವನನ್ನು ಕರೆದುಕೊಂಡು ಹೊರಟಿದ್ದಳು. ಎರಡು ದಿನ ಅವನು ಕೆಮ್ಮುತ್ತ ನನ್ನ ಮೇಲೆ ಮಲಗಿದ್ದ.

"ಇನ್ನೆಷ್ಟ್ ದೂರ ಐತಿ?" ಎಂದು ಕೇಳುತ್ತಿದ್ದ.

"ಸನೇಕ ಬಂದೇವಿ" ಎನ್ನುತ್ತಿದ್ದಳು ಅವಳು, ಬಂಗಾಳ ದಾಟುವ ಮೊದಲೇ.

ಮೂರನೆಯ ಬೆಳಿಗ್ಗೆ ಆಂಧ್ರದ ರೇಣಿಗುಂಟ ಬಿಟ್ಟ ಮೇಲೆ ಕೆಮ್ಮು ನಿಂತಿತು. ಅವನ ಮೈ ನನ್ನ ಮೇಲೆ ಭಾರವಾಯಿತು. ದ್ಯಾಮವ್ವ ಅವನ ಪಾದ ಮುಟ್ಟಿದಳು. ಮುಟ್ಟಿದ ಕೈ ಹಾಗೇ ಉಳಿಯಿತು. ಅವಳು ಅಳಲಿಲ್ಲ.

ಎದುರಿನ ಬರ್ತಿನಲ್ಲಿದ್ದವರು ಸೆವ್ರಿನ್ ಬಾಯಿ, ಮಂಗಳೂರಿನ ನಿವೃತ್ತ ನರ್ಸ್. ಎದ್ದು ಬಂದು ನಾಡಿ ನೋಡಿದರು. "ಯಾವಾಗ ಆದದ್ದಮ್ಮ?"

"ಈಗ... ಯಾರ ಮುಂದೂ ಹೇಳಬ್ಯಾಡ್ರೀ ಅಕ್ಕಾರ. ಇಲ್ಲೇ ಇಳಿಸಿಬಿಡ್ತಾರ. ಈ ಕಡೆ ಮಂದಿ ಮಾತು ನಂಗ ತಿಳಿಯಂಗಿಲ್ಲ. ಇವ್ರನ್ನ ತಗೊಂಡು ಎಲ್ಲಿಗ್ ಹೋಗ್ಲಿ? ಬೆಂಗಳೂರಿಗೆ ಮೈದ್ನ ಬರ್ತಾನ."

ಮೂವತ್ತು ವರ್ಷದ ನೌಕರಿಯಲ್ಲಿ ಒಂದು ಸಾವನ್ನೂ ಮುಚ್ಚಿಟ್ಟವರಲ್ಲ ಸೆವ್ರಿನ್ ಬಾಯಿ. ಆದರೂ ಅವನ ಕಣ್ಣು ಮುಚ್ಚಿಸಿ ಶಾಲು ಹೊದಿಸಿದರು.

ಟಿಕೆಟ್ ನೋಡುವವನು ಬಂದು, "ಪೇಷಂಟ್ ಹೇಗಿದ್ದಾರೆ?" ಎಂದ.

"ಈಗಷ್ಟೇ ಕಣ್ಣು ಹತ್ತಿದೆ, ಎಬ್ಬಿಸಬೇಡಿ. ನಾನು ನರ್ಸ್." ಹಾಗೆನ್ನುವಾಗ ಅವರ ಬೆರಳುಗಳು ನನ್ನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಅವನು ಶಾಲು ನೋಡಿದ, ಅವರ ಮುಖ ನೋಡಿದ, ಮುಂದಕ್ಕೆ ನಡೆದ. ಅವನಿಗೆ ತಿಳಿಯಿತೋ ಇಲ್ಲವೋ, ನಾನು ಹೇಳಲಾರೆ.

ಮತ್ತೆ ಆರು ಗಂಟೆಯ ದಾರಿ. ದ್ಯಾಮವ್ವ ಆ ಪಾದಗಳನ್ನು ಮಡಿಲಲ್ಲಿಟ್ಟುಕೊಂಡೇ ಕುಳಿತಿದ್ದಳು. ಹೊಸದಾಗಿ ಹತ್ತಿ ಜಾಗ ಕೇಳಿದವರನ್ನೆಲ್ಲ ಸೆವ್ರಿನ್ ಬಾಯಿ ತಮ್ಮ ಕಡೆ ಕೂರಿಸಿಕೊಂಡರು.

ಬೆಂಗಳೂರಿನಲ್ಲಿ ಮೈದುನ ಕಿಟಕಿಗೆ ಮುಖವಿಟ್ಟು, "ಅಣ್ಣಾ, ಆರಾಮ್ ಅದಿ ಏನಪಾ?" ಎಂದ. ಆಗ ದ್ಯಾಮವ್ವ ಕೂಗಿಕೊಂಡಳು. ಇಡೀ ಬೋಗಿ ಎದ್ದು ನಿಂತಿತು.

ಸೆವ್ರಿನ್ ಬಾಯಿ ಪೊಲೀಸರಿಗೆ, "ಸುಳ್ಳು ಹೇಳಿದ್ದು ನಾನು, ಅವಳಲ್ಲ" ಎಂದು ಬರೆದುಕೊಟ್ಟರು. ಸಂಜೆಯ ಹೊತ್ತಿಗೆ ಫಕೀರಪ್ಪನ ದೇಹ ಊರಿನ ಕಡೆ ಹೊರಟಿತಂತೆ. ಬೋಗಿ ತೊಳೆಯುವವರು ಮಾತಾಡಿಕೊಂಡರು. ನನ್ನನ್ನೂ ಸಾಬೂನು ನೀರಿನಲ್ಲಿ ತೊಳೆದರು.

ಈಗ ಆ ಬೋಗಿ ಇಲ್ಲ. ಯಾರ್ಡಿನ ಕೊಠಡಿಯೊಂದರಲ್ಲಿ ನಾನು ಕೆಲಸಗಾರರ ಬೆಂಚಾಗಿದ್ದೇನೆ. ಮಧ್ಯಾಹ್ನ ಊಟ ಮುಗಿಸಿ ಒಬ್ಬೊಬ್ಬರು ಒರಗುತ್ತಾರೆ. ಸದ್ದಿಲ್ಲದೆ ಮಲಗಿದರೆ ನನಗೆ ಭಯ. ಗೊರಕೆ ಹೊಡೆದು ಮಗ್ಗುಲು ಬದಲಿಸಿದ ಮೇಲೆಯೇ ಹೋದ ಜೀವ ಬಂದಂತಾಗುತ್ತದೆ.