ಅಳತೆ ಮೇಷ್ಟ್ರ ಕೋಟು

ಅಳತೆ ಮೇಷ್ಟ್ರು ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಭುಜವನ್ನು. ಇಪ್ಪತ್ತು ವರ್ಷ ದರ್ಜಿಯಾಗಿ ದುಡಿದ ಕಣ್ಣು; ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮಾತ್ರಕ್ಕೆ ಹಳೆಯ ಚಾಳಿ ಬಿಡುತ್ತದೆಯೇ? ಪ್ರೌಢಶಾಲೆಯಲ್ಲಿ ಗಣಿತ ಕಲಿಸಬೇಕೆಂಬ ಹಂಬಲದಿಂದ ನಲವತ್ತರ ಹೊಸ್ತಿಲಲ್ಲಿ ಬಿ.ಎಡ್. ತರಗತಿಗೆ ಬಂದು ಕುಳಿತ ಈ ಮಹಾಶಯರಿಗೆ, ಮೇಷ್ಟ್ರಾಗುವ ಮೊದಲೇ ಆ ಬಿರುದನ್ನು ದಯಪಾಲಿಸಿದವರು ಅವರ ಅರ್ಧ ವಯಸ್ಸಿನ ಸಹಪಾಠಿಗಳು. ಕಿವಿಯ ಮೇಲೆ ಸೀಮೆಸುಣ್ಣ, ಮೈಮೇಲೆ ಸ್ವಹಸ್ತದಿಂದ ಹೊಲಿದ ಬೂದು ಕೋಟು, ಅದರ ಚೀಲದಂಥ ಎರಡು ಜೇಬುಗಳಲ್ಲಿ ಕತ್ತರಿ, ಟೇಪು, ತುಂಡು ಬಟ್ಟೆ, ತ್ರಿಕೋನಮಿತಿಯ ಟಿಪ್ಪಣಿ. ‘ಅರ್ಥವಾಯಿತೇ?’ ಎನ್ನಬೇಕಾದಲ್ಲೆಲ್ಲ ಅವರ ಬಾಯಿಗೆ ಬರುತ್ತಿದ್ದುದು ಒಂದೇ ಮಾತು: “ಅಳತೆಗೆ ಬಂತಾ?”

ಶಾಲಾ ಮಕ್ಕಳೆದುರು ಮಾಡಿ ತೋರಿಸಬೇಕಾದ ಪರೀಕ್ಷಾ ಪಾಠದಲ್ಲಿ ಅವರು ಎರಡು ಸಲ ಮುಗ್ಗರಿಸಿದ್ದರು. ಮೊದಲ ಸಲ ಪಾಠ ಅರ್ಧಕ್ಕೇ ಗಂಟೆ ಹೊಡೆಯಿತು. ಎರಡನೆಯ ಸಲ ಪಾಠ ಮುಗಿದು ಎಷ್ಟು ಹೊತ್ತಾದರೂ ಹಾಳು ಗಂಟೆ ಹೊಡೆಯಲೇ ಇಲ್ಲ. ಮೂರನೆಯದೇ ಕೊನೆಯ ಅವಕಾಶ. “ಈ ಸಲಾನೂ ಕೈ ಕೊಟ್ರೆ ಬಂದು ಗುಂಡಿಗೆ ಕಾಜಾ ಹಾಕ್ಕೊಂಡು ಕೂತ್ಕೊಳ್ಳಿ. ಅಂಗಡೀನ ನಾನೊಬ್ಳೇ ಎಷ್ಟು ದಿನ ಎಳೀಲಿ?” ಎಂದಿದ್ದಳು ಹೆಂಡತಿ. ಪಾಪ, ಅವಳದೇನೂ ತಪ್ಪಿಲ್ಲ.

ಪಾಠಯೋಜನೆಯಲ್ಲಿ ಮೇಷ್ಟ್ರು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು: ‘ಶಿಕ್ಷಕರು ಬೇಕೆಂದೇ ತಪ್ಪು ಬರೆಯುವರು. ವಿದ್ಯಾರ್ಥಿಗಳು ಗುರುತಿಸುವರು. ಎರಡು ನಿಮಿಷ.’ ಜನ್ಮದಲ್ಲಿ ಒಂದು ಅಂಗಿಯನ್ನೂ ತಪ್ಪಾಗಿ ಕತ್ತರಿಸದ ಕೈ ಬೇಕೆಂದೇ ತಪ್ಪು ಬರೆಯಿತು: (a + b)² = a² + b². ನಲವತ್ತು ಮಕ್ಕಳು ಅದನ್ನು ಭಕ್ತಿಯಿಂದ ನಕಲು ಮಾಡಿ, ಕೆಳಗೆ ಗೆರೆ ಎಳೆದರು.

“ಅಳತೆಗೆ ಬಂತಾ?”

“ಬಂತು ಸಾರ್!”

ಮತ್ತೆ ಕೇಳಿದರೆ ಮತ್ತೂ ಜೋರಾಗಿ ಬಂತು. ಹಿಂದಿನ ಬೆಂಚಿನಲ್ಲಿ ಪರೀಕ್ಷಕ ಪ್ರಾಧ್ಯಾಪಕರು ಪೆನ್ನಿನ ಮುಚ್ಚಳ ತೆಗೆದರು. ಮೇಷ್ಟ್ರಿಗೆ ಏನನ್ನಿಸಿತೋ, ಪಾಠಯೋಜನೆಯನ್ನು ಮಡಚಿಟ್ಟು, ಜೇಬಿನ ತುಂಡು ಬಟ್ಟೆಯಲ್ಲಿ a ಬದಿಯ ದೊಡ್ಡದೊಂದು, b ಬದಿಯ ಚಿಕ್ಕದೊಂದು ಚೌಕ ಕತ್ತರಿಸಿದರು. ಎರಡರ ಬದಿ ಕೂಡಿಸಿದಷ್ಟು ಉದ್ದದ ಚೌಕವನ್ನು ಮೇಜಿನ ಮೇಲೆ ಗೀಚಿ, ಎದುರುಬದುರು ಮೂಲೆಗಳಲ್ಲಿ ಅವನ್ನು ಹಾಸಿದರು.

“ಹೊಲೀಲಾ?”

“ಅಯ್ಯೋ ಬೇಡಿ ಸಾರ್! ಎರಡು ಕಡೆ ಬಟ್ಟೇನೇ ಸಾಲ್ತಿಲ್ಲ!” ಮುಂದಿನ ಸಾಲಿನ ಹುಡುಗಿ ಎದ್ದೇ ನಿಂತಳು.

“ಹಾಗಿದ್ರೆ ಬೋರ್ಡ್ ಮೇಲಿರೋದು?”

“ತಪ್ಪು ಸಾರ್!”

ತಪ್ಪೆನ್ನಿಸಿಕೊಂಡು ಅಷ್ಟು ಹಿಗ್ಗಿದ ಮನುಷ್ಯ ಇನ್ನೊಬ್ಬನಿರಲಾರ. ಬೇರೆ ಬಟ್ಟೆ ಉಳಿದಿರಲಿಲ್ಲ; ಹಿಂದೆ ಮುಂದೆ ನೋಡದೆ ಕೋಟಿನ ಎರಡೂ ಜೇಬುಗಳನ್ನು ಪರಪರನೆ ಕಿತ್ತರು. ಟೇಪು, ಟಿಪ್ಪಣಿ ಎಲ್ಲ ನೆಲದ ಪಾಲು. a ಉದ್ದ, b ಅಗಲಕ್ಕೆ ಅಂಚು ಕತ್ತರಿಸಿ ಖಾಲಿ ಉಳಿದ ಎರಡು ಮೂಲೆಗಳಲ್ಲಿ ಕೂರಿಸಿದಾಗ ಚೌಕ ಭರ್ತಿಯಾಯಿತು. ‘2ab’ ಎಂದು ಹುಡುಗಿಯೇ ಬೋರ್ಡಿನ ಮೇಲೆ ಸೇರಿಸಿದಳು. ಗಂಟೆಯೂ ಆಗಲೇ ಹೊಡೆಯಿತು.

“ಪಾಸೇನೋ ಆದ್ರಿ. ಕೋಟು ಹಾಳಾಯ್ತಲ್ರೀ,” ಎಂದರು ಪ್ರಾಧ್ಯಾಪಕರು.

“ಇಲ್ಲ ಸಾರ್, ಈಗ ಅಳತೆಗೆ ಬಂತು.”

ಹೆಂಡತಿ ಎಷ್ಟು ಹೇಳಿದರೂ ಹೊಸ ಜೇಬು ಹಚ್ಚಲು ಬಿಡದೆ, ಆ ಕೋಟಿನಲ್ಲೇ ಅವರು ನೌಕರಿಗೆ ಸೇರಿದರು. ಮಗುವೊಂದು ಎದ್ದು ನಿಂತು ‘ತಪ್ಪು’ ಎನ್ನಲಿ ಎಂದು ಕಾಯುವ ಇಂಥ ಮೇಷ್ಟ್ರುಗಳು ಎಲ್ಲೋ ಒಬ್ಬೊಬ್ಬರು. ನಮಗೆಲ್ಲ ಗಣಿತ ತಲೆಗೆ ಹತ್ತಲಿಲ್ಲವೆಂದರೆ, ಬಹುಶಃ ನಮಗೆ ಸಿಕ್ಕ ಮೇಷ್ಟ್ರುಗಳ ಜೇಬುಗಳು ಭದ್ರವಾಗಿದ್ದವು.