ಗಂಗಾ ಎಂಬ ಹೆಸರು

ಕಾಲುವೆ ನೀರು ಯಾರ ಗದ್ದೆಗೆ ಯಾವಾಗ ಬರುತ್ತದೆಂದು ಮೊದಲೇ ತಿಳಿಸುವ ಆ್ಯಪ್‌ಗೆ ಬಿಂದುಶ್ರೀ ‘ಗಂಗಾ’ ಎಂದು ಹೆಸರಿಟ್ಟಾಗ ಅವಳ ಪಾಲುದಾರ ಸಿದ್ಧಲಿಂಗೇಶ್ ಒಪ್ಪಿರಲಿಲ್ಲ.

“‘ನೀರು ಸರದಿ’ ಅಂತಿಡು. ಕೇಳಿದ ಕೂಡ್ಲೆ ಏನಂತ ಗೊತ್ತಾಗ್ತೈತಿ.”

“ಆಫೀಸಿನ ಬೋರ್ಡ್ ಇದ್ದಂಗೈತಿ. ಹೆಸ್ರಿಗೆ ಜೀವ ಬೇಕಪ್ಪ.”

ಜೀವ ತುಂಬಿದವಳೂ ಅವಳೇ. ಓದಲು ಬಾರದವರಿಗೆಂದು ಆ್ಯಪ್‌ನಿಂದ ಹೋಗುವ ಫೋನ್ ಕರೆಗೆ ತನ್ನ ದನಿಯನ್ನೇ ಕೊಟ್ಟಳು: “ನಾನು ಗಂಗಾ. ಹೊರಟಿದ್ದೀನಿ, ನಿಮ್ಮಲ್ಲಿಗೇ ಬರ್ತಿದ್ದೀನಿ.” ಅಂಬ್ಲಿಗೊಳದ ಕಾಲುವೆಯುದ್ದಕ್ಕೂ ಜನ ಮೆಚ್ಚಿಕೊಂಡರು.

ಒಂದು ಬೆಳಿಗ್ಗೆ ಚೌಡಪ್ಪನೆಂಬ ರೈತ ಶಿರಾಳಕೊಪ್ಪದ ಅವರ ಕಚೇರಿಯ ಮೆಟ್ಟಿಲೇರಿ ಬಂದ. ಕೂರೆಂದರೂ ಕೂರಲಿಲ್ಲ.

“ಆ ಫೋನ್ ನಿಲ್ಲಿಸ್ರೀ. ನಮ್ಮ ಮಗಳ ಹೆಸ್ರೂ ಗಂಗಾ. ಹೋದ ವರ್ಷ ಅದೇ ಕಾಲುವೇಲಿ ಕೊಚ್ಚಿ ಹೋದ್ಲು. ಅವಳ ತಾಯಿ, ನಮ್ಮ ಹೂವಮ್ಮ, ಫೋನ್ ಬಂದಾಗೆಲ್ಲ ಏರಿ ಮೇಲೆ ಹೋಗಿ ಕಾಯ್ತಾಳೆ. ಸೊರಬದ ತವರಿಗೆ ಕಳಿಸ್ದೆ. ಅಲ್ಲೂ ಫೋನ್ ಬಂತು. ಬಸ್ ಹತ್ತಿ ವಾಪಸ್ ಬಂದ್ಲು.”

ಬಿಂದುಶ್ರೀ ಲ್ಯಾಪ್‌ಟಾಪ್ ತೆರೆದಳು. ಕರೆಯನ್ನು ಆಗಲೇ ನಿಲ್ಲಿಸಿದಳು. ಆದರೂ ಮನಸ್ಸು ತಡೆಯದೆ ಅವನೊಂದಿಗೆ ಹೊರಟಳು.

ಏರಿಯ ಮೇಲೆ ಹೂವಮ್ಮ ನಿಂತಿದ್ದಳು. ತೋಳಿನ ಮೇಲೆ ಮಡಿಸಿದ ಲಂಗ, ಒಂದು ಟವೆಲ್ಲು. ಕೆಂಪು ನೀರು ತುಂಬಿ ಹರಿಯುತ್ತಿತ್ತು. ಅದರಲ್ಲಿ ಏನು ಕಂಡಳೋ, ಮುಂದಕ್ಕೆ ಬಾಗಿದಳು.

“ಅಮ್ಮಾ, ಜಾರ್ತೈತಿ!” ಬಿಂದುಶ್ರೀ ಕೂಗಿಬಿಟ್ಟಳು.

ಹೂವಮ್ಮ ಗಕ್ಕನೆ ತಿರುಗಿದಳು. ಆ ದನಿ ಅವಳಿಗೆ ಗೊತ್ತಿತ್ತು.

“ಬಂದ್ಯಾ?”

ಹತ್ತಿರ ಬಂದು ಬಿಂದುಶ್ರೀಯ ತಲೆಗೂದಲು ಮುಟ್ಟಿ ನೋಡಿದಳು. “ಒಣಗೇ ಇದೆಯಲ್ಲ,” ಎಂದಳು. ಟವೆಲ್ಲನ್ನು ಅವಳ ಹೆಗಲಿಗೆ ಹೊದಿಸಿದಳು.

ನಾನು ನಿಮ್ಮ ಮಗಳಲ್ಲ ಎನ್ನಬೇಕಿತ್ತು. ಹಾಗೆನ್ನಲೂ ಅದೇ ದನಿಯೇ ಬೇಕಲ್ಲ! ಬಿಂದುಶ್ರೀ ತುಟಿ ಕಚ್ಚಿ ಅಲ್ಲವೆಂದು ತಲೆಯಾಡಿಸಿದಳು. ಹೂವಮ್ಮ ಬಹಳ ಹೊತ್ತು ಅವಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಟವೆಲ್ಲನ್ನು ತೆಗೆದುಕೊಂಡು ಗಂಡನ ಹಿಂದೆ ನಡೆದಳು.

ಆ ವಾರವೇ ಆ್ಯಪ್ ‘ನೀರು ಸರದಿ’ಯಾಯಿತು. ಸಿದ್ಧಲಿಂಗೇಶನ ದಪ್ಪ ದನಿ, “ಕಾಲುವೆಗೆ ನೀರು ಬಿಡಲಾಗಿದೆ” ಎಂದಷ್ಟೇ ಹೇಳುತ್ತಿತ್ತು. ಮೊದಲಿನದೇ ಚೆನ್ನಾಗಿತ್ತೆಂದು ಕೆಲವರು ಗೊಣಗಿದರು.

ಮುಂದೊಂದು ದಿನ ಸಂತೆಯಲ್ಲಿ ಇಬ್ಬರಿಗೂ ಚೌಡಪ್ಪ ಸಿಕ್ಕ. ಸಿದ್ಧಲಿಂಗೇಶನೇ ಹೂವಮ್ಮನ ಬಗ್ಗೆ ವಿಚಾರಿಸಿದ.

“ಈಗ ಕಾಲುವೆ ಕಡೆ ಹೋಗಲ್ಲ ಕಣ್ರೀ. ಫೋನೂ ಮುಟ್ಟಲ್ಲ.” ಚೌಡಪ್ಪ ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದ. “ಮಗಳು ಎರಡನೇ ಸಲ ಹೋದ್ಲು ಅಂತಾಳೆ.”

ಬಿಂದುಶ್ರೀ ಏನೋ ಹೇಳಲು ಬಾಯಿ ತೆರೆದಳು. ಚೌಡಪ್ಪ ಕಣ್ಣು ಮುಚ್ಚಿ, ಆ ದನಿ ಕೇಳಿಸಿಕೊಳ್ಳಲು ಕಾಯುವವನಂತೆ ನಿಂತಿದ್ದ.