ಬೂದು ಅಕ್ಷರ

ಹನ್ನೊಂದನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಹಾಲಿನ ಅಡಿವೆವ್ವ ಬಾಗಿಲಲ್ಲಿ ನಿಂತು, “ಇವತ್ತ ಎಷ್ಟ ಹಾಕ್ಲಿ?” ಎಂದು ಕೇಳಿದಳು. ಅಷ್ಟೂ ದಿನ ನಾಲ್ಕು ಲೀಟರ್ ಹಾಕಿದ್ದಳು. ಒಳಗಿನಿಂದ ಅತ್ತೆ ಸರೋಜವ್ವ, “ಮೊದಲ ಹಾಕತಿದ್ದೆಲ್ಲ, ಅಷ್ಟ ಹಾಕು” ಎಂದರು.

ಮೊದಲಿನ ಒಂದು ಲೀಟರಿನಲ್ಲಿ ಅರ್ಧ ನನ್ನ ಗಂಡ ಚನ್ನೇಶನಿಗೇ ಬೇಕಾಗುತ್ತಿತ್ತು. ಹಾಲು ಕಾಯಿಸಿದೆ. ಉಳಿಯಿತು. ಹೆಪ್ಪು ಹಾಕಿದೆ.

ಆಮೇಲೆ ಫೋನ್ ಬಂತು. ಸವಣೂರಿನ ಮೆಹಬೂಬ. ಅವನೂ ಚನ್ನೇಶನೂ ಡಿಪ್ಲೊಮಾ ಕಾಲದಿಂದ ಸ್ನೇಹಿತರು. ಅವನು ಸವಣೂರಿನಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾನೆ. ಚನ್ನೇಶನದು ಹಾನಗಲ್ಲಿನಲ್ಲಿ ಡಿಟಿಪಿ ಅಂಗಡಿ; ಮದುವೆ ಕಾರ್ಡು, ಕರಪತ್ರ. ಎಂಟು ತಿಂಗಳ ಹಿಂದೆ ಸಿಡಿಲು ಬಡಿದು ಅಂಗಡಿಯ ಕಂಪ್ಯೂಟರ್ ಸುಟ್ಟಾಗ ಮೆಹಬೂಬ ತನ್ನ ಕೇಂದ್ರದ ಒಂದು ಲ್ಯಾಪ್‌ಟಾಪ್ ಕೊಟ್ಟಿದ್ದ.

“ವೈನಿ, ಕೇಳೂದಕ್ಕ ನಾಲಗಿ ಬರವಲ್ದು” ಎಂದ. “ಸೋಮವಾರದಿಂದ ಹೊಸ ಬ್ಯಾಚ್ ಐತಿ. ಒಂದು ಮಷೀನ್ ಕಮ್ಮಿ ಬಿದ್ದೈತಿ.”

“ತಂದು ಕೊಡ್ತೇನ್ರಿ.”

“ನೀವ್ಯಾಕ್ರಿ, ನಾನ ಬರ್ತೇನಿ. ಆಂವ ಅದರಾಗ ಶೆಲ್ ಬದಲಿ ಮಾಡಿ ಇಟ್ಟಾನ. ನಮ್ಮ ಹುಡುಗರು ಕಲಿಯೂದು ಬ್ಯಾಶ್. ತಿರುಗಿ ಅದನ್ನ ಹಾಕಬೇಕು. ಎರಡು ನಿಮಿಷದ ಕೆಲಸ.”

“ನಾನ ಹಾಕಿ ತರ್ತೇನಿ” ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ನಾನು ಓದಿದ್ದು ಧಾರವಾಡದಲ್ಲಿ, ಇತಿಹಾಸ. ಮೆಹಬೂಬ ಒಂದೊಂದೇ ಅಕ್ಷರ ಹೇಳಿದ. ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡೆ.

ಶೆಲ್ ಎಂದರೇನೆಂದು ಚನ್ನೇಶ ಒಮ್ಮೆ ಹೇಳಿದ್ದ. ಕಪ್ಪು ಪರದೆಯ ಮೇಲೆ ನೀನು ಟೈಪ್ ಮಾಡಿದ್ದನ್ನು ಕೇಳಿಸಿಕೊಂಡು ಯಂತ್ರಕ್ಕೆ ಮುಟ್ಟಿಸುವವನು ಅದು. ಕೇಳಿಸಿಕೊಳ್ಳುವವರು ಬೇರೆ ಬೇರೆ ಥರ ಇದ್ದಾರೆ. ಮೆಹಬೂಬ ಕೊಟ್ಟಿದ್ದು ಬ್ಯಾಶ್, ಹೇಳಿದಷ್ಟು ಮಾಡುತ್ತದೆ, ತಾನಾಗಿ ತುಟಿ ಬಿಚ್ಚುವುದಿಲ್ಲ. ಒಂದೇ ವಾರದಲ್ಲಿ ಚನ್ನೇಶ ಅದನ್ನು ತೆಗೆದು ಫಿಶ್ ಎಂಬುದನ್ನು ಹಾಕಿಕೊಂಡ. ಒಂದಕ್ಷರ ಒತ್ತಿದರೆ ಸಾಕು, ಹಿಂದೆ ನೀನು ಬರೆದ ಸಾಲನ್ನು ಅದು ಬೂದು ಬಣ್ಣದಲ್ಲಿ ಪೂರ್ತಿ ಬರೆದು ತೋರಿಸುತ್ತದೆ. ಹೌದು ಅನ್ನಿಸಿದರೆ ಬಲಗಡೆಯ ಬಾಣ ಒತ್ತಬೇಕು.

ಹೆಸರಿನ ಅರ್ಥ ಕೇಳಿ ಅತ್ತೆ, “ಮೀನಾ? ಅಡಿಗಿ ಮನಿ ಹೊಸ್ತಿಲಾ ದಾಟಿಸಬ್ಯಾಡಪಾ ಅದನ್ನ” ಎಂದಿದ್ದರು. ಮರುದಿನ ಅವನು ಬೇಕೆಂದೇ ಲ್ಯಾಪ್‌ಟಾಪನ್ನು ಒಲೆಯ ಹತ್ತಿರ ತಂದು ಕೂತಿದ್ದ. ಅತ್ತೆ ಲಟ್ಟಣಿಗೆ ಎತ್ತಿಕೊಂಡಿದ್ದರು.

ಅವತ್ತು ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದೆ. ಪಾಸ್‌ವರ್ಡು ಅಡಿಯಲ್ಲಿ ಮೆಹಬೂಬನ ಅಕ್ಷರದಲ್ಲಿ ಅಂಟಿಸಿಯೇ ಇತ್ತು. ಎರವಲು ತಂದ ಪೆಟ್ಟಿಗೆಗೆ ನಮ್ಮ ಬೀಗ ಹಾಕಬಾರದು ಎಂದು ಚನ್ನೇಶ ಅದನ್ನು ಬದಲಿಸಿರಲಿಲ್ಲ. ಕಪ್ಪು ಪರದೆ ಬಂತು. ಕ್ಯಾಲೆಂಡರ್ ನೋಡುವ ಮೊದಲು ಸುಮ್ಮನೆ ‘ಎಲ್’ ಒತ್ತಿದೆ.

ಬೂದು ಬಣ್ಣದಲ್ಲಿ ‘ಎಲ್ ಪಿ’ ಎಂದು ಶುರುವಾಗುವ ಒಂದು ಸಾಲು ಬಂತು. ಶಿಗ್ಗಾಂವಿಯ ಕಾರ್ಡನ್ನು ಎರಡು ಪ್ರತಿ ಮುದ್ರಿಸು ಎಂಬ ಆಜ್ಞೆ.

ಆ ಎರಡು ಪ್ರತಿ ನನಗೆ ಗೊತ್ತು. ಗಿರಾಕಿಗೆ ತೋರಿಸಿ ಬರುತ್ತೇನೆಂದು ಚನ್ನೇಶ ಅವನ್ನು ಅಂಗಿಯೊಳಗೆ ಇಟ್ಟುಕೊಂಡು ಬೈಕ್ ಹತ್ತಿದ್ದ. ಬಂಕಾಪುರದ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ಅದಕ್ಕೆ ಹಿಂದಿನ ದೀಪ ಇರಲಿಲ್ಲ.

ಅಕ್ಷರ ಅಳಿಸಿದೆ. ಸಾಲು ಹೋಯಿತು. ಮತ್ತೆ ಒತ್ತಿದೆ. ಬಂತು.

ಆಮೇಲೆ ಬೇರೆ ಅಕ್ಷರಗಳನ್ನು ಒತ್ತಿದೆ. ‘ಎನ್’ ಒತ್ತಿದರೆ ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಅವನದೇ ಆಜ್ಞೆ. ‘ಎಂ’ ಒತ್ತಿದರೆ ಮದುವೆಯ ಫೈಲುಗಳನ್ನು ಬೇರೆ ಕಡೆ ಸಾಗಿಸುವ ಸಾಲು. ‘ಟಿ’ಗೆ ತಿಳವಳ್ಳಿಯ ಯಾರದೋ ಗೃಹಪ್ರವೇಶ. ‘ಟಿ ಎ ಎನ್’ ಎಂದು ನನ್ನ ಹೆಸರಿನ ಮೂರಕ್ಷರ ಒತ್ತಿದೆ. ಏನೂ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಹೆಂಡತಿಯನ್ನು ಯಾರೂ ಅಲ್ಲಿ ಕರೆಯುವುದಿಲ್ಲ.

ಶೆಲ್ ಬದಲಿಸುವುದನ್ನು ನಾಳೆಗೆ ಇಟ್ಟೆ.

ಶುಕ್ರವಾರ ತಿಳವಳ್ಳಿಯ ಗಿರಾಕಿಯೇ ಫೋನ್ ಮಾಡಿ, ತಪ್ಪು ತಿಳಿಯಬೇಡಿರೆಂದು ಮೂರು ಸಲ ಹೇಳಿ, ತಮ್ಮ ಫೈಲು ಸಿಕ್ಕೀತೇ ಎಂದು ಕೇಳಿದರು. ಹುಡುಕಬೇಕಾದರೆ ಏನೇನಿವೆ ಎಂದು ನೋಡಬೇಕು. ಅಷ್ಟು ನನಗೆ ಬರುತ್ತಿತ್ತು, ‘ಎಲ್ ಎಸ್’. ಟೈಪ್ ಮಾಡಿ ಎಂಟರ್ ಒತ್ತಿದೆ. ಪಟ್ಟಿ ಬಂತು, ಫೈಲು ಸಿಕ್ಕಿತು, ಕಳಿಸಿದೆ.

ಆಮೇಲೆ ಅಭ್ಯಾಸದಂತೆ ‘ಎಲ್’ ಒತ್ತಿದೆ. ಬೂದು ಬಣ್ಣದಲ್ಲಿ ಪಕ್ಕಕ್ಕೆ ‘ಎಸ್’ ಬಂತು. ನನ್ನದು.

‘ಎಲ್ ಪಿ’ ಒತ್ತಿ ನೋಡಿದೆ. ಶಿಗ್ಗಾಂವಿಯ ಸಾಲು ಇತ್ತು. ಹೋಗಿರಲಿಲ್ಲ, ನನ್ನದರ ಹಿಂದೆ ಸರಿದಿತ್ತು. ಎಲ್ಲಕ್ಕಿಂತ ಇತ್ತೀಚಿನದನ್ನೇ ಅದು ಮೊದಲು ತೋರಿಸುವುದು. ನಿನ್ನೆ ಒಂದಕ್ಷರಕ್ಕೆ ಬರುತ್ತಿದ್ದವನು ಇವತ್ತು ಎರಡಕ್ಕೆ ಬಂದ.

ಅಂದಿನಿಂದ ಎಂಟರ್ ಒತ್ತದೆ ಇರಲು ನೋಡಿದೆ. ಆದರೆ ಶನಿವಾರ ಇನ್ನಿಬ್ಬರು ಗಿರಾಕಿಗಳು ಕೇಳಿದರು. ಮದುವೆಗಳು ಯಾರಿಗಾಗಿಯೂ ನಿಲ್ಲುವುದಿಲ್ಲ. ‘ಸಿ’ ನನ್ನದಾಯಿತು. ‘ಎಂ’ ನನ್ನದಾಯಿತು. ಸಂಜೆ ಅತ್ತೆ ಬಂದು ಪಕ್ಕದಲ್ಲಿ ಕೂತು ಪರದೆ ನೋಡಿದರು.

“ಏನ್ ಮಾಡಾಕತ್ತೀ ಮೂರು ದಿನದಿಂದ?”

“ಅವರು ಬರೆದದ್ದು ಐತಿ ಅತ್ತಿ.”

“ಓದು.”

ಓದಿದೆ. ಮುದ್ರಿಸು. ಸಾಗಿಸು. ಅಳಿಸು. ಅತ್ತೆ ಕೇಳಿಸಿಕೊಂಡರು. “ಬರೇ ಕೆಲಸ” ಎಂದರು. “ಮನ್ಯಾಗೂ ಹಂಗ ಇದ್ದ. ಕುಡ್ಯಾಕ ನೀರು ಕೊಡು, ಟವೆಲ್ ಕೊಡು” ಎಂದು ಎದ್ದು ಹೋದರು.

ರವಿವಾರ ಊಟವಾದ ಮೇಲೆ ಕ್ಯಾಲೆಂಡರ್ ಮುಂದಿಟ್ಟುಕೊಂಡೆ. ಸಿ, ಎಚ್, ಎಸ್, ಎಚ್. ಶೆಲ್ ಬದಲಿಸುವ ಆಜ್ಞೆ. ಬಳಿಕ ಬ್ಯಾಶ್ ಎಂದು ಬರೆದೆ. ಅಂಥ ಶೆಲ್ ಇಲ್ಲ ಎಂದಿತು. ಕ್ಯಾಲೆಂಡರ್ ಮತ್ತೆ ನೋಡಿದೆ. ಬರೀ ಹೆಸರು ಸಾಲದು, ಅದು ಇರುವ ಜಾಗ ಮೊದಲಿನಿಂದ ಬರೆಯಬೇಕು ಎಂದು ಮೆಹಬೂಬ ಹೇಳಿದ್ದ. ಮದುವೆ ಕಾರ್ಡಿಗೆ ಬರೀ ಊರ ಹೆಸರು ಬರೆದು ತಂದವರನ್ನು ಚನ್ನೇಶ ಹೀಗೆಯೇ ತಿರುಗಿ ಕಳಿಸುತ್ತಿದ್ದ. ‘ಸಾ.’ ಬೇಕು, ‘ತಾ.’ ಬೇಕು, ‘ಜಿ.’ ಬೇಕು. ಪೂರ್ತಿ ವಿಳಾಸ ಬರೆದೆ. ಪಾಸ್‌ವರ್ಡು ಕೇಳಿತು. ಕೊಟ್ಟೆ. ಮುಗಿಯಿತು.

ಏನೂ ಬದಲಾಗಲಿಲ್ಲ. ‘ಎಲ್ ಪಿ’ ಒತ್ತಿದೆ. ಬೂದು ಸಾಲು ಇದ್ದೇ ಇತ್ತು. ಕ್ಯಾಲೆಂಡರಿನಲ್ಲಿ ಕೊನೆಯ ಮಾತು ಓದಿದೆ. ಲಾಗ್‌ಔಟ್ ಮಾಡಿ ಹೊರಗೆ ಹೋಗಿ ಮತ್ತೆ ಒಳಗೆ ಬಂದಾಗಲೇ ಹೊಸದು. ಅಲ್ಲಿಯವರೆಗೆ ಹಳೆಯದೇ.

ಹೊರಗೆ ಹೋಗಲಿಲ್ಲ. ಹಾಗೇ ತೆರೆದಿಟ್ಟು ಪಾತ್ರೆ ತೊಳೆದೆ. ಬಟ್ಟೆ ಮಡಚಿದೆ. ಬಂದು ನೋಡಿದೆ. ಜೋಳ ಹಸನು ಮಾಡಿದೆ. ಬಂದು ನೋಡಿದೆ. ನಾಲ್ಕು ಗಂಟೆಗೆ ಅತ್ತೆ ಒಂದು ಹಿಡಿ ಜೋಳ ತಂದು ಲ್ಯಾಪ್‌ಟಾಪ್ ಚೀಲದ ಕಿಸೆಗೆ ಹಾಕಿದರು.

“ಕಡಾ ತಂದ ಪಾತ್ರಿ ಬರಿದು ಕೊಡಬಾರದು.”

“ಇದು ಪಾತ್ರಿ ಅಲ್ಲ ಅತ್ತಿ.”

“ಇದರಾಗ ಉಂಡಾನಿಲ್ಲ ಎಂಟು ತಿಂಗಳು?” ಎಂದರು.

ಆಮೇಲೆ ಲಾಗ್‌ಔಟ್ ಮಾಡಿದೆ. ಮತ್ತೆ ಒಳಗೆ ಹೋದೆ. ‘ಎಲ್’ ಒತ್ತಿದೆ. ‘ಎಲ್ ಪಿ’ ಒತ್ತಿದೆ. ಎರಡಕ್ಷರ, ಅವುಗಳ ಮುಂದೆ ಕಪ್ಪು. ಅಳಿಸಿದೆ. ಮೇಲಿನ ಬಾಣ ಒತ್ತಿದರೆ ಕೊನೆಯ ಸಾಲು ಬರುತ್ತದೆಂದು ನೆನಪಾಗಿ ಒತ್ತಿದೆ.

ಬಿಳಿಯ ಅಕ್ಷರದಲ್ಲಿ ಒಂದು ಸಾಲು ಬಂತು. ಸಿ, ಎಚ್, ಎಸ್, ಎಚ್, ಮತ್ತು ಫಿಶ್‌ನ ಪೂರ್ತಿ ವಿಳಾಸ. ಎಂಟು ತಿಂಗಳ ಹಿಂದೆ ಚನ್ನೇಶ ಬ್ಯಾಶ್‌ಗೆ ಹೇಳಿದ ಕೊನೆಯ ಮಾತು. ಅದನ್ನು ಬಿಟ್ಟು ಹೋಗಲು ಅದರ ಕೈಯಲ್ಲೇ ಹೇಳಿಸಿದ್ದ. ಅದು ಇಷ್ಟು ದಿನ ಹಾಗೆಯೇ ಇಟ್ಟುಕೊಂಡಿತ್ತು.

ಎಂಟರ್ ಒತ್ತಿದ್ದರೆ ಎಲ್ಲ ಮೊದಲಿನಂತೆ ಆಗುತ್ತಿತ್ತು. ಬೆರಳು ಅಲ್ಲೇ ಇತ್ತು. ಒತ್ತಲಿಲ್ಲ. ಮುಚ್ಚಿ ಚೀಲಕ್ಕೆ ಹಾಕಿದೆ.

ಸೋಮವಾರ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಅಡಿವೆವ್ವ ಹಾಲು ಅಳೆಯುತ್ತಿದ್ದಳು.

“ತಿಂಗಳಾ ತುಂಬಿಲ್ಲ, ಹೊಸ್ತಿಲ ದಾಟಸ್ತೀಯೇನ ಸರೋಜವ್ವ ಸೊಸೀನ?”

“ಕಡಾ ತಂದಾಂವ ನನ್ನ ಮಗ. ತಿರುಗಿ ಕೊಡಾಕ ನೀ ಹೊಕ್ಕೀಯೇನು? ಹಾಲು ಚೆಲ್ಲಾಕತ್ತೈತಿ ನೋಡು” ಎಂದರು ಅತ್ತೆ. ನಂತರ, “ನಾಳಿಂದ ಅರ್ಧ ಹಾಕು” ಎಂದರು.

ಬಸ್ಸಿನಲ್ಲಿ ಬಂಕಾಪುರ ದಾಟುವಷ್ಟು ಹೊತ್ತು ಚೀಲದ ಜಿಪ್ಪು ನೋಡುತ್ತ ಕೂತೆ.

ಮೆಹಬೂಬನ ಕೇಂದ್ರ ಇನ್ನೂ ಖಾಲಿ ಇತ್ತು. ನನ್ನನ್ನು ನೋಡಿ ಕುರ್ಚಿ ಒರೆಸಿದ. “ಕುಂತ್ರಿ ವೈನಿ” ಎಂದು ನೀರು ತಂದ. ಲ್ಯಾಪ್‌ಟಾಪ್ ಹೊರತೆಗೆಯುವಾಗ ಕಿಸೆಯ ಜೋಳ ಮೇಜಿನ ಮೇಲೆ ಚೆಲ್ಲಿತು. ಅವನು ನೋಡಿ, “ಸರೋಜವ್ವ ಹಾಕ್ಯಾಳ” ಎಂದ. ಒಂದೊಂದೇ ಕಾಳು ಆರಿಸಿ ಅಂಗಿಯ ಕಿಸೆಗೆ ಹಾಕಿಕೊಂಡ. ಬಹಳ ಹೊತ್ತು ತೆಗೆದುಕೊಂಡ.

“ಸೋಮಾರಿ ಶೆಲ್ ಅಂತಿದ್ದೆ ನಾನು ಆ ಫಿಶ್‌ಗ” ಎಂದ. “ನೀ ಮುದುಕ ಆದ ಮ್ಯಾಲೆ ನಿನಗ ಗೊತ್ತಾಗತೈತಿ ಮಗನ ಅಂತಿದ್ದ ಆಂವ.”

ನಾನು ಲ್ಯಾಪ್‌ಟಾಪಿನ ಮೇಲಿನ ಕೈ ತೆಗೆದಿರಲಿಲ್ಲ. ಅವನು ಅದನ್ನು ನೋಡಿದ.

“ಬೇಕಂದ್ರ ಇಟ್ಕೊಳ್ರಿ ವೈನಿ. ಇಬ್ಬರು ಹುಡುಗರನ್ನ ಒಂದ ಮಷೀನಿಗೆ ಕುಂದರಸ್ತೇನಿ. ಶೆಲ್ಲೂ ತಿರುಗಿ ಹಾಕಿ ಕೊಡ್ತೇನಿ.”

“ಇಟ್ಕೊಂಡ್ರ ನಾನು ಬರಿಯೂದು ಹೆಚ್ಚಾಗತೈತ್ರಿ. ಅವರದು ಹಿಂದ ಸರೀತೈತಿ.”

ಆ ಶೆಲ್ ಹೇಗೆ ನೆನಪಿಡುತ್ತದೆಂದು ಅವನಿಗೆ ಗೊತ್ತಿತ್ತು.

“ಹಳೇ ಸಾಲು ಅಳಿಸಲೇನ್ರಿ?” ಎಂದು ಕೇಳಿದ. “ಹುಡುಗರು ಬ್ಯಾಶ್‌ನಾಗ ಬರೀತಾರ. ಫಿಶ್ ಸಾಲು ಇರೂ ಫೈಲು ಬ್ಯಾರೆ, ಯಾರಿಗೂ ಕಾಣೂದಿಲ್ಲ, ಮುಟ್ಟೂದೂ ಇಲ್ಲ.”

“ಹಂಗಂದ್ರ ಇರಲಿ ಬಿಡ್ರಿ.”

ಎರಡೂ ಕೈಯಿಂದ ಲ್ಯಾಪ್‌ಟಾಪನ್ನು ಅವನ ಕಡೆ ಸರಿಸಿದೆ. ಅವನು ತೆರೆದು ಒಂದಕ್ಷರ ಒತ್ತಿದ, ಕಾಯುವವನಂತೆ ಸ್ವಲ್ಪ ತಡೆದ. ಏನೂ ಬರಲಿಲ್ಲ. “ಸರಿ ಐತ್ರಿ” ಎಂದ. ನಾನು ಚೀಲದಿಂದ ಚಾರ್ಜರ್ ತೆಗೆದು ಅದರ ಪಕ್ಕದಲ್ಲಿಟ್ಟೆ.